ಉದ್ದಪ್ಪ ಕೊಟ್ಟ ಮಾತು

ಒಂದಾನೊಂದು ಕಾಲದಲ್ಲಿ, ಮನುಷ್ಯರು ಮನುಷ್ಯರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಸೋಂಕಿನ ಕಾಲದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಇದ್ದರು. ಮೊಮ್ಮಗಳಿಗೆ ಮೂಗಿನ ತುದಿಯಲ್ಲೇ ಕೋಪ. ಅಜ್ಜಿ ಅವಳನ್ನು ಕರೆಯುತ್ತಿದ್ದುದೇ ‘ಕೆಂಡ’ ಎಂದು.

ಅಜ್ಜಿಗೆ ಉಸಿರು ಕಟ್ಟಿದ ಬೆಳಿಗ್ಗೆ ಅಕ್ಕಪಕ್ಕದ ಒಂದು ಬಾಗಿಲೂ ತೆರೆಯಲಿಲ್ಲ. ಹೊತ್ತು ಇಳಿಸಲು ಅಗ್ನಿಶಾಮಕ ದಳದವರೇ ಬಂದರು.

ಮೈತುಂಬ ಬಿಳಿ ಕವಚ ತೊಟ್ಟ, ಮುಖವೇ ಕಾಣದ ಉದ್ದನೆಯ ಆಳೊಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದ. ಕೆಂಡ ಅಜ್ಜಿಯ ಕೈ ಹಿಡಿಯಲು ಹೋದರೆ ಅಡ್ಡ ನಿಂತ.

“ಮುಟ್ಟಬೇಡಿ.”

“ನಮ್ಮಜ್ಜಿ ರೀ ಅವರು. ತಡೆಯೋಕೆ ನೀವ್ಯಾರು?”

“ನೀವೂ ಮಲಗಿದ್ರೆ, ಅವರು ವಾಪಸ್ ಬಂದಾಗ ಬಾಗಿಲು ತೆಗೆಯೋರು ಯಾರು?”

“ವಾಪಸ್ ಬರ್ತಾರೆ ಅಂತ ಯಾರು ಹೇಳಿದ್ದು?”

ಅವನು ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದ. “ನಾನೇ ಹೊತ್ಕೊಂಡು ಬರ್ತೀನಿ.”

ಅಜ್ಜಿ ಸೋಂಕನ್ನು ಗೆದ್ದರು. ಆದರೆ ಕಾಲಿಗೆ ಶಕ್ತಿ ಇರಲಿಲ್ಲ. ಮೆಟ್ಟಿಲು ಹತ್ತಿಸುವವರಿಲ್ಲದೆ ಮನೆಗೆ ಕಳಿಸುವುದಿಲ್ಲ ಎಂದಿತು ಆಸ್ಪತ್ರೆ. ಕೆಂಡ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಮಾತು ಕೊಟ್ಟ ಆ ಉದ್ದನೆಯ ಆಳನ್ನು ಕಳಿಸಿ ಎಂದಳು. ಗೊಗ್ಗರು ದನಿಯೊಂದು ಉತ್ತರಿಸಿತು.

“ಅವನು ಗಾಡಿ ಡ್ಯೂಟಿಯಲ್ಲಿಲ್ಲ ಮೇಡಂ. ಉಳಿದವರೆಲ್ಲ ಆಕ್ಸಿಜನ್ ಸಿಲಿಂಡರ್ ಹೊರೋಕೆ ಹೋಗಿದ್ದಾರೆ.”

ಮರುದಿನವೂ ಅದೇ ಉತ್ತರ. ಅದರ ಮರುದಿನವೂ...

“ಆ ಉದ್ದಪ್ಪನಿಗೆ ಹೇಳಿ, ನಾಲಿಗೆಗೆ ಎಲುಬಿಲ್ಲ ಅಂತ ಮಾತು ಕೊಡಬಾರದು.”

“ಹೇಳ್ತೀನಿ.”

“ಬೆನ್ನಿಗೂ ಎಲುಬಿಲ್ಲ ಅಂತ ಹೇಳಿ.”

“ಅದನ್ನೂ ಹೇಳ್ತೀನಿ ಮೇಡಂ.”

ಕೊನೆಗೆ ಅವಳೇ ಠಾಣೆಗೆ ನುಗ್ಗಿದಳು. ಗಾಜಿನ ಹಿಂದೆ ಫೋನಿನ ಮುಂದಿದ್ದವನು ಎದ್ದು ನಿಂತ. ಎದ್ದ, ಎದ್ದ, ಇನ್ನೂ ಎದ್ದ. ಅದೇ ಎತ್ತರ!

“ಏನು ಬೇಕು ಮೇ...” ಅದೇ ಗೊಗ್ಗರು ದನಿ.

ಅವಳ ಮೈಯೆಲ್ಲ ಉರಿಯಿತು. “ನಾನು ಬೈದದ್ದನ್ನೆಲ್ಲ ನೀವೇ ಕೂತು ಕೇಳಿದ್ರಾ? ನಾಚಿಕೆ ಆಗಲ್ವಾ?”

“ಆಗುತ್ತೆ.” ಅವನಿಗೂ ಸಿಟ್ಟು ಬಂತು. “ಸೋಂಕು ನಂಗೂ ತಗಲ್ತು. ಮೂಗು ಸತ್ತೋಯ್ತು. ಹೊಗೆ ವಾಸನೆ ಗೊತ್ತಾಗದವನನ್ನ ಯಾರು ಗಾಡಿ ಹತ್ತಿಸ್ತಾರೆ?”

“ಅಜ್ಜಿನ ಹೊರೋಕೆ ಮೂಗ್ಯಾಕೆ ಬೇಕು?”

ಅವನು ಫೋನಿನ ವೈರನ್ನು ಬೆರಳಿಗೆ ಸುತ್ತತೊಡಗಿದ.

“ಮೊದಲ ದಿನವೇ ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀವು ಫೋನ್ ಮಾಡೋದು ನಿಲ್ಲಿಸ್ತಿದ್ರಿ.” ಅವನು ತಲೆ ತಗ್ಗಿಸಿದ. “ದಿನವಿಡೀ ಫೋನಲ್ಲಿ ಎಲ್ಲರೂ ಅಳ್ತಾರೆ. ಬೈಯೋರು ನೀವೊಬ್ಬರೇ. ಆ ಗಂಟೆಗಾಗಿ ಕಾಯ್ತಿದ್ದೆ...”

ಅಯ್ಯೋ, ಈಗ ಈ ಸಿಟ್ಟನ್ನು ಎಲ್ಲಿಡಲಿ? ಅವಳು ಮುಖ ತಿರುಗಿಸಿದಳು. “ಕುರ್ಚಿ ತಗೊಳ್ಳಿ. ಒಂದು ಕಡೆ ನಾನು ಹಿಡೀತೀನಿ.”

ಆಸ್ಪತ್ರೆಯಿಂದ ಅಜ್ಜಿಯನ್ನು ಕರೆತಂದು ಮೆಟ್ಟಿಲು ಹತ್ತಿಸುವಾಗ ಎರಡನೇ ಮಹಡಿಯಲ್ಲೇ ಅವನಿಗೆ ಏದುಸಿರು. ಬಾಗಿಲ ಸಂದಿಯಿಂದ ಇಣುಕಿದವರನ್ನೆಲ್ಲ ಕೆಂಡ ಹೆಸರೆತ್ತದೆ ಬೈದಳು.

“ಸಾಕು ಮಾಡೇ, ಹುಡುಗ ಹೆದರ್ತಾನೆ,” ಎಂದರು ಅಜ್ಜಿ.

“ಇಲ್ಲ ಅಜ್ಜಿ, ನಂಗೆ ಅಭ್ಯಾಸ ಆಗಿದೆ.”

“ಹಾಗಾದ್ರೆ ಇವನು ಮನೆಯವನೇ ಆದ ಬಿಡು.”

ಕೆಂಡದ ಮುಖ ಕೆಂಪಾಯಿತು. ಈ ಸಲ ಕೋಪಕ್ಕಲ್ಲ. ನಾಲ್ಕನೇ ಮಹಡಿ ಬಂತು.

“ನಾಳೆ ಫೋನ್ ಮಾಡ್ತೀರಾ?” ಅವನು ಮೆಲ್ಲಗೆ ಕೇಳಿದ.

“ಇಲ್ಲ. ನೀವೇ ಬನ್ನಿ, ಎದುರಿಗೇ ಬೈತೀನಿ.”

“ಬರ್ತೀನಿ.”

ಇಬ್ಬರೂ ಒಟ್ಟಿಗೆ ಬಗ್ಗಿ, ಅಜ್ಜಿಯನ್ನು ಅವರ ಮಂಚದ ಮೇಲೆ ಕೂರಿಸಿದರು.