ವಾಪಸ್ ಕೊಡ್ತೀರಲ್ವಾ

ಭಾನುವಾರ ಸಂಜೆ ಕನ್ನಡಕದಂಗಡಿಯ ಗೋಡೆಯೇ ಅವರ ಪರದೆ. ಅಂಗಡಿಯವನು ಶಟರ್ ಅರ್ಧ ಇಳಿಸಿ, ಕಣ್ಣು ಪರೀಕ್ಷೆಯ ಅಕ್ಷರಪಟದ ಪಕ್ಕಕ್ಕೆ ಪ್ರೊಜೆಕ್ಟರ್ ತಿರುಗಿಸಿ, ಮೂರು ಕುರ್ಚಿ ಹಾಕುತ್ತಿದ್ದ. ಒಂದು ತನಗೆ, ಒಂದು ನಿವೃತ್ತ ಗಣಿತದ ಮೇಷ್ಟ್ರಿಗೆ, ಇನ್ನೊಂದು ಲ್ಯಾಬಿನಲ್ಲಿ ಜೀವಕೋಶಗಳನ್ನು ಬೆಳೆಸುವ ಕೆಲಸ ಮಾಡುವ ಯುವತಿಗೆ. ಧಾರಾವಾಹಿಯ ಅಭಿಮಾನಿ ಬಳಗ ಮೊದಲು ದೊಡ್ಡದಿತ್ತು. ಕಥೆ ಎಳೆದಾಡತೊಡಗಿದ ಮೇಲೆ ಉಳಿದವರು ಮೆಲ್ಲಗೆ ಜಾರಿಕೊಂಡಿದ್ದರು.

ಅವಳು ಬರುತ್ತಿದ್ದುದು ಧಾರಾವಾಹಿಗೇ ಎಂದು ಹೇಳುವಂತಿರಲಿಲ್ಲ. ರೋಚಕ ದೃಶ್ಯ ಬಂದಾಗಲೆಲ್ಲ ಅಂಗಡಿಯವನು ಪರದೆ ಬಿಟ್ಟು ಅವಳ ಮುಖ ನೋಡುತ್ತಿದ್ದ. ಅವಳು ತಿರುಗಿದರೆ ತಕ್ಷಣ ಕನ್ನಡಕ ತೆಗೆದು ಒರೆಸತೊಡಗುತ್ತಿದ್ದ. ಅಷ್ಟು ಶುಭ್ರವಾದ ಕನ್ನಡಕ ಊರಿನಲ್ಲಿ ಇನ್ನೊಂದಿರಲಿಲ್ಲ.

ಆ ವಾರದ ಕಂತಿನಲ್ಲಿ ತೀರ್ಪು. ಕಂಪನಿಯೊಂದು ತನ್ನ ಪ್ರಯೋಗಶಾಲೆಯಲ್ಲಿ ರೂಪಿಸಿದ ನಾಯಕಿ ಬಿಡುಗಡೆ ಕೇಳಿದ್ದಳು. ಆಕೆ ಹೋಗಬಹುದು, ಆದರೆ ಆಕೆಯ ಒಂದೊಂದು ಜೀನೂ ಕಂಪನಿಯ ಸ್ವತ್ತು ಎಂದಿತು ನ್ಯಾಯಾಲಯ.

"ಹಾಗಾದ್ರೆ ಅವಳು ಸೀನಿದ್ರೂ ಕಳ್ಳತನದ ಕೇಸ್ ಹಾಕ್ತಾರಾ?" ಎಂದರು ಮೇಷ್ಟ್ರು.

"ನಗಬೇಡಿ ಸಾರ್. ಮೈ ಅವಳದು. ಮೈಯಿಂದ ಬಂದಿದ್ದೂ ಅವಳದೇ," ಎಂದ ಅಂಗಡಿಯವನು.

"ಹೊರಗೆ ಬಂದ ಮೇಲೆ ಅದು ಯಾರದೂ ಅಲ್ಲ," ಎಂದಳು ಅವಳು. "ಕಟಿಂಗ್ ಶಾಪಲ್ಲಿ ಬಿದ್ದ ಕೂದಲನ್ನ ಗಂಟು ಕಟ್ಕೊಂಡು ಮನೆಗೆ ತರ್ತೀರಾ?"

"ನನ್ನ ಮುಂದೆ ಯಾಕಮ್ಮ ಕೂದಲಿನ ಮಾತು," ಎಂದು ಮೇಷ್ಟ್ರು ಬೋಳುತಲೆ ಸವರಿಕೊಂಡರು.

ವಾದದಲ್ಲಿ ಸೋತಾಗ ಅವನ ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. ಅದನ್ನು ನೋಡುವ ಆಸೆಗೆ ಅವಳು ಒಂದು ಹೆಜ್ಜೆ ಮುಂದೆ ಹೋದಳು.

"ನಮ್ಮ ಲ್ಯಾಬಲ್ಲಿ ಒಂದು ಮಗುವಿನ ಕಣ್ಣಿನ ಗಡ್ಡೆಯ ಕೋಶಗಳಿವೆ. ಮಗು ಹೋಗಿ ಎಷ್ಟೋ ವರ್ಷ ಆಯ್ತು, ಅವು ಇನ್ನೂ ಬೆಳೀತಿವೆ. ಹಳಬರು ಹೇಳ್ತಾರೆ, ಆಪರೇಷನ್ನಿಗೆ ಕರ್ಕೊಂಡು ಹೋಗುವಾಗ ಆ ಮಗು ಡಾಕ್ಟ್ರನ್ನ ಕೇಳಿತಂತೆ, 'ನನ್ನ ಕಣ್ಣು ಆಮೇಲೆ ವಾಪಸ್ ಕೊಡ್ತೀರಲ್ವಾ? ನನ್ನ ಗೊಂಬೆಗೆ ಒಂದು ಕಣ್ಣಿಲ್ಲ, ಅದಕ್ಕೆ ಹಾಕ್ತೀನಿ' ಅಂತ. ಈಗ ನೀವೇ ಹೇಳಿ, ಯಾರಿಗೆ ವಾಪಸ್ ಕೊಡೋದು?"

ಅವನು ನಗಲಿಲ್ಲ. ಎದ್ದು ಪ್ರೊಜೆಕ್ಟರ್ ಆರಿಸಿದ.

"ಆ ಗೊಂಬೆ ನಮ್ಮನೇಲಿದೆ," ಎಂದ. "ನನ್ನ ತಂಗಿ. ಗುಬ್ಬಿ ಅಂತಿದ್ವಿ. ಡಾಕ್ಟ್ರು 'ಕೊಡ್ತೀವಿ ಕಂದಾ' ಅಂದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳದು ಏನಾದ್ರೂ ಇಟ್ಕೊಳ್ಳಬಹುದಾ ಅಂತ ನಮ್ಮನ್ನ ಯಾರೂ ಕೇಳಲೇ ಇಲ್ಲ."

ಮೇಷ್ಟ್ರು ಅವಳನ್ನು ಮನೆಯವರೆಗೂ ಬಿಟ್ಟುಬಂದರು. ದಾರಿಯುದ್ದಕ್ಕೂ ಒಂದು ತಮಾಷೆಯ ಮಾತೂ ಅವರ ಬಾಯಿಂದ ಬರಲಿಲ್ಲ.

ಮರುದಿನ ಅವಳೇ ಲ್ಯಾಬಿನ ಮೇಡಂಗೆ ಎಲ್ಲ ಹೇಳಿದಳು.

"ರೋಗಿಯ ಕಥೆ ಹೊರಗಡೆ ಆಡೋದಾ? ಅದೂ ಟೀವಿ ಮುಂದೆ ಕೂತು?" ಮೇಡಂ ತರಾಟೆಗೆ ತೆಗೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಮನೆಯವರು ಬೇಡ ಅಂದ್ರೆ ನಿಲ್ಲಿಸಲೇಬೇಕು. ನಿನ್ನ ಪ್ರಯೋಗ ಎಲ್ಲ ನೀರಲ್ಲಿ ಹೋಮ ಆಗುತ್ತೆ, ಗೊತ್ತಲ್ಲ," ಎಂದರು.

ಅಂದು ಕೋಶಗಳಿಗೆ ಹೊಸ ದ್ರಾವಣ ಹಾಕುವಾಗ ಅವಳು ಬಾಟಲಿಯ ಮೇಲಿನ ಸಂಖ್ಯೆ ಓದಲಿಲ್ಲ. ಅದಕ್ಕೀಗ ಹೆಸರಿತ್ತು.

ಭಾನುವಾರಗಳಂದು ಶಟರ್ ಪೂರ್ತಿ ಮುಚ್ಚಿರತೊಡಗಿತು. ಕೊನೆಗೆ ಒಂದು ಬೆಳಿಗ್ಗೆ ಅವಳು ಗಿರಾಕಿಯ ಹಾಗೆ ಹೋಗಿ ಕುಳಿತಳು. ಅವನೂ ಗಿರಾಕಿಯ ಹಾಗೆಯೇ ಮಾತಾಡಿಸಿದ.

"ಗದ್ದ ಇಲ್ಲಿಡಿ. ಮೇಲೆ ನೋಡಿ. ಈಗ ಎಡಕ್ಕೆ."

ಪರೀಕ್ಷೆಯ ಯಂತ್ರದಿಂದ ದೀಪದ ತೆಳು ಗೆರೆ ಅವಳ ಕಣ್ಣಿನೊಳಗೆ ಹಾಯಿತು. ಗೆರೆಯ ಆಚೆ ತುದಿಯಲ್ಲಿ ಅವನ ಕಣ್ಣು. ಉಸಿರು ತಾಗುವಷ್ಟು ಹತ್ತಿರವಿದ್ದರೂ ಅವನ ಬೆರಳು ಎಲ್ಲೂ ಸೋಕಲಿಲ್ಲ.

"ಕಣ್ಣಲ್ಲಿ ದೋಷ ಏನೂ ಇಲ್ಲ."

"ಗೊತ್ತು."

"ಮತ್ತೆ ಯಾಕೆ ಬಂದ್ರಿ?"

"ನೀವು ನೋಡ್ಲಿ ಅಂತ."

ದೀಪ ಆರಿಸುವುದನ್ನು ಅವನು ಮರೆತ. ಆಮೇಲೆ ಕೇಳಿದ, "ಅವು ನೋಡೋಕೆ ಹೇಗಿರ್ತವೆ?"

"ಸಣ್ಣ ಸಣ್ಣ ಗೊಂಚಲು. ಬೇರೆ ಕೋಶಗಳ ಹಾಗೆ ತಳಕ್ಕೆ ಅಂಟ್ಕೊಳ್ಳಲ್ಲ. ತೇಲ್ತಾನೇ ಇರ್ತವೆ."

"ಗುಬ್ಬೀನೂ ಒಂದು ಕಡೆ ಕೂತವಳಲ್ಲ."

ಅಲ್ಲಿಗೇ ಸುಮ್ಮನಿರಬಹುದಿತ್ತು. ಅವನ ಮುಖದಲ್ಲಿ ಆಗಷ್ಟೇ ಮೂಡಿದ ಮೃದುತ್ವ ಉಳಿಯುತ್ತಿತ್ತು. ಅವಳಿಗೆ ಆಗಲಿಲ್ಲ.

"ಅವು ಗುಬ್ಬಿ ಅಲ್ಲ ರೀ. ಗುಬ್ಬೀನ ತಿಂದ ಗಡ್ಡೆ. ಔಷಧಿ ಹುಡುಕೋಕೆ ಅಂತ ಸಾಕ್ತಿದೀವಿ."

ಅವನು ಹಿಂದಕ್ಕೆ ಸರಿದ. "ಅವಳ ಜೀವ ತೆಗೆದ ಗಡ್ಡೆಗೇ ನೀವು ಊಟ ಹಾಕ್ತಿದೀರಿ."

"ಹೌದು."

"ಅದನ್ನ ನಿಲ್ಲಿಸಿದ್ರೆ ಬೇರೆ ಮಕ್ಕಳಿಗೆ ತೊಂದರೆನಾ?"

"ಬೇರೆ ಕೋಶಗಳಿವೆ. ಒಪ್ಪಿ ಕೊಟ್ಟವರದು. ನಾನು ಮೊದಲಿಂದ ಶುರು ಮಾಡ್ಬೇಕು, ಅಷ್ಟೆ."

"ಅಮ್ಮನ್ನ ಕೇಳ್ಬೇಕು."

"ನಾನೇ ಕೇಳ್ತೀನಿ. ಕೇಳಬೇಕಾಗಿದ್ದವರು ನಾವು."

ಅವನ ತಾಯಿ ಒಗೆದ ಬಟ್ಟೆ ಮಡಚುತ್ತಲೇ ಎಲ್ಲ ಕೇಳಿಸಿಕೊಂಡರು. ಒಂಟಿಕಣ್ಣಿನ ಗೊಂಬೆ ಕಪಾಟಿನ ಮೇಲಿತ್ತು.

"ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಕೇಳೋಕೆ ಬಂದ್ರಲ್ಲ," ಎಂದರು. ಒಂದು ಟವೆಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. "ನಿಲ್ಲಿಸಿಬಿಡಮ್ಮ. ಅವಳು ಹೋಗಿ ರೋಗ ಉಳ್ಕೊಂಡಿದೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಹತ್ತಲ್ಲ."

"ಆಯ್ತಮ್ಮ."

ಅವಳು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ದನಿ ಬಂತು, "ಏನೂ ಕೇಳೋದಿಲ್ಲದಿದ್ರೂ ಬರ್ತಾ ಇರು."

ಲ್ಯಾಬಿನ ಫ್ರೀಜರಿನಲ್ಲಿ ಕಾದಿಟ್ಟಿದ್ದ ಆ ಕೋಶಗಳ ಟ್ಯೂಬುಗಳನ್ನೆಲ್ಲ ಅವಳು ಮೊದಲೇ ನಾಶಮಾಡಿದ್ದಳು. ಉಳಿದದ್ದು ಒಂದೇ ಬಾಟಲಿ, ತಿಳಿಗುಲಾಬಿ ದ್ರಾವಣದ್ದು. ಮೇಡಂ ಅನುಮತಿಯ ಮೇಲೆ ಅವನು ಗೌನು, ಕೈಗವಸು ತೊಟ್ಟು ಪಕ್ಕದಲ್ಲಿ ನಿಂತ. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿದ.

ಕೋಶಗಳನ್ನು ಕೊಲ್ಲುವ ಬ್ಲೀಚ್ ಎತ್ತಿದ ಅವಳ ಕೈ ಬಾಟಲಿಯ ಬಾಯಿಯ ಬಳಿ ನಿಂತಿತು. ಅವನು ತನ್ನ ಕೈಯನ್ನು ಅದರ ಮೇಲಿಟ್ಟ. ಎರಡು ರಬ್ಬರ್ ಪದರಗಳನ್ನು ದಾಟಿ ಬೆಚ್ಚಗಿನದೊಂದು ಬಂದು ಮುಟ್ಟಿತು.

"ಒಟ್ಟಿಗೆ ಹಾಕೋಣ," ಎಂದ.

ಗುಲಾಬಿ ಮಸುಕಾಯಿತು, ನೀರಿನಂತಾಯಿತು. ಅವನ ಕನ್ನಡಕ ಮಂಜಾಗಿತ್ತು. ಈ ಸಲ ಒರೆಸಿಕೊಳ್ಳಲಿಲ್ಲ, ಹಾಗೆಯೇ ಅವಳ ಕಡೆ ತಿರುಗಿದ.

"ವಾಪಸ್ ಕೊಟ್ರಿ," ಎಂದ.

ಕೈ ಮಾತ್ರ ತೆಗೆಯಲಿಲ್ಲ.