ಫ್ರೀಜರಿನಲ್ಲಿಟ್ಟ ಸೇಡು

ಅಡುಗೆಮನೆ ಬೀರುವಿನ ಕತ್ತಲ ಮೂಲೆಯಲ್ಲಿದ್ದ ಬಾಟಲಿ ಖಾಲಿಯಾಗಿತ್ತು. ಅದರೊಳಗಿದ್ದ ವೆನಿಲ್ಲಾ ಕಾಯಿಗಳು ಕಸದ ಬುಟ್ಟಿಯಲ್ಲಿ ನಿಂಬೆಸಿಪ್ಪೆಯ ಜೊತೆ ಬಿದ್ದಿದ್ದವು.

ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಹೋದ ವರ್ಷವೇ ಆ ಕಾಯಿಗಳನ್ನು ಉದ್ದಕ್ಕೆ ಸೀಳಿ, ವೋಡ್ಕಾದಲ್ಲಿ ಮುಳುಗಿಸಿ, ಬಿಸಿಲು ತಾಗದಂತೆ ಇಟ್ಟು, ಆಗಾಗ ಕುಲುಕುತ್ತ ಕಾದಿದ್ದಳು. ಅಂಥ ಎಸೆನ್ಸು ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ನಂಬಿಯೇ ಒಂದು ದೊಡ್ಡ ಮದುವೆಯ ಕೇಕ್ ಒಪ್ಪಿಕೊಂಡಿದ್ದಳು.

ಕುಡಿದವರು ಅಣ್ಣನ ಗೆಳೆಯರು. ಕುಡಿಸಿದವನು ಅವರಲ್ಲೇ ಒಬ್ಬ. ಬಾರಿನಲ್ಲಿ ಕಾಕ್‌ಟೇಲ್ ಕುಲುಕುವುದೇ ಕೆಲಸವಾದ್ದರಿಂದ ಮನೆಮಂದಿಗೆಲ್ಲ ಅವನು ಶೇಕರ್. ಹಾಲ್‌ನಲ್ಲಿ ಅಣ್ಣ ಮಾಡಿಕೊಂಡಿದ್ದ ಪುಟ್ಟ ಬಾರಿನಲ್ಲಿ ವೋಡ್ಕಾ ಮುಗಿದಿತ್ತಂತೆ. ಹುಡುಕುತ್ತ ಅಡುಗೆಮನೆಗೆ ಬಂದವನು ಇದನ್ನು ಮೂಸಿ, ಅಣ್ಣ ಬಚ್ಚಿಟ್ಟ ಫಾರಿನ್ ಮಾಲು ಅಂದುಕೊಂಡನಂತೆ. ಸೋಸಿ, ಐಸ್ ಹಾಕಿ ಹಂಚಿದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಮಾರನೆಯ ಬೆಳಿಗ್ಗೆ ಅವನೇ ಬಂದು ಬಾಗಿಲಿಗೆ ಒರಗಿ ನಿಂತ. ಒಂದು ಹುಬ್ಬು ಮೇಲೆ, ತುಟಿಯ ತುದಿಯಲ್ಲಿ ನಗು. ಆ ನಗುವನ್ನು ಅವಳು ಎಷ್ಟೋ ಕಾಲದಿಂದ ಕದ್ದು ನೋಡುತ್ತ ಬಂದಿದ್ದಳು. ಅವತ್ತು ಮಾತ್ರ ಬಾಣಲೆ ಎತ್ತಿ ಅದಕ್ಕೊಂದು ಬಾರಿಸಬೇಕೆನಿಸಿತು.

"ತಪ್ಪು ನಂದೇ. ಆದ್ರೆ ಅಷ್ಟು ಚೆನ್ನಾಗಿ ಮಾಡಿಟ್ಟಿದ್ದು ನಿಂದೂ ಸ್ವಲ್ಪ ತಪ್ಪು ಅಲ್ವಾ?"

"ಪರವಾಗಿಲ್ಲ ಬಿಡಿ," ಎಂದಳು.

ಪರವಾಗಿಲ್ಲ ಬಿಡಿ ಎಂದ ಹೆಂಗಸಿನ ಮಾತು ನಂಬಿ ನಿರಾಳವಾಗಿ ಮನೆಗೆ ಹೋಗುವ ಗಂಡಸಿಗೆ ಇನ್ನೂ ಬುದ್ಧಿ ಬಲಿತಿಲ್ಲ ಎಂದೇ ಅರ್ಥ.

ಮದುವೆಯ ಕೇಕಿಗೆ ಅಂಗಡಿ ಎಸೆನ್ಸೇ ಗತಿಯಾಯಿತು. ಮದುಮಗಳ ತಾಯಿ ಒಂದು ತುಂಡು ಬಾಯಿಗಿಟ್ಟು, ಕೆಮ್ಮಿನ ಔಷಧಿ ಕುಡಿದ ಹಾಗಿದೆ ಎಂದು ನಾಲ್ಕು ಜನರ ಎದುರಿಗೇ ಹೇಳಿದಳು. ಬರಬೇಕಿದ್ದ ಬೇರೆ ಆರ್ಡರುಗಳೂ ಅಲ್ಲಿಗೇ ನಿಂತವು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಮರೆತುಬಿಡು ಎಂದು ಅತ್ತಿಗೆ ಬುದ್ಧಿ ಹೇಳಿದಳು. ಕೊಯ್ಯುವುದು ನನ್ನ ಮೂಗಲ್ಲವಲ್ಲ ಎಂದುಕೊಂಡು ಅವಳು ಹಿಟ್ಟು ನಾದಿದಳು.

ಸಮಯ ತಾನಾಗಿಯೇ ಬಂತು. ದೊಡ್ಡ ಹೋಟೆಲಿನ ಯಜಮಾನಿಯೊಬ್ಬಳು ಹೊಸ ಬಾರನ್ನು ನೋಡಿಕೊಳ್ಳಲು ಜನ ಹುಡುಕುತ್ತಿದ್ದಳು. ಶೇಕರನ ಕೈಚಳಕ ನೋಡಲು ಭಾನುವಾರ ಮಧ್ಯಾಹ್ನ ಬರುವವಳಿದ್ದಳು. ಅವನದು ಬಾಡಿಗೆಯ ಒಂಟಿ ಕೋಣೆ, ಹಾಗಾಗಿ ಅಣ್ಣನ ಬಾರಿನಲ್ಲೇ ಏರ್ಪಾಡಾಯಿತು. ಕಂಡವರ ಬಾರುಗಳಲ್ಲಿ ಗ್ಲಾಸು ತೊಳೆಯುತ್ತ ಮೇಲೆ ಬಂದವನಿಗೆ ಈ ಕೆಲಸ ಕೈತಪ್ಪಿದರೆ ಇಂಥದ್ದು ಇನ್ನೊಂದು ಸಿಗುವಂತಿರಲಿಲ್ಲ.

ಶನಿವಾರ ಅವನು ರುಚಿ ನೋಡಲು ತೆರೆದಿದ್ದ ಬಾಟಲಿಯೊಂದನ್ನು ತಂದು, ನಿನ್ನ ಫ್ರೀಜರ್ ದೊಡ್ಡದು, ಇಟ್ಟುಕೋ ಎಂದ. ಒಳ್ಳೆಯ ವೋಡ್ಕಾ ಮನೆಯ ಫ್ರೀಜರಿನಲ್ಲಿ ಹೆಪ್ಪುಗಟ್ಟುವುದಿಲ್ಲ, ಎಣ್ಣೆಯ ಹಾಗೆ ಮಂದವಾಗುತ್ತದೆ ಅಷ್ಟೆ. ಅದನ್ನು ಐಸ್ ಇಲ್ಲದೆ, ಮೇಲಿನಿಂದ ದಾರದಂತೆ ಗ್ಲಾಸಿಗಿಳಿಸುವುದೇ ತನ್ನ ಮೊದಲ ಆಟ ಎಂದು ವಿವರಿಸಿದ. ಪೈ ಗರಿಗರಿಯಾಗಲೆಂದು ಹಿಟ್ಟಿಗೆ ತಣ್ಣನೆಯ ವೋಡ್ಕಾ ಚಿಮುಕಿಸುವ ಅವಳಿಗೆ ಇದೇನೂ ಹೊಸತಲ್ಲ. ಆದರೂ ಕಣ್ಣರಳಿಸಿ ಕೇಳಿದಳು. ಹೋಗುವಾಗ, ನಾಳೆಗೆ ಒಂದು ಆಪಲ್ ಪೈ ಮಾಡಿಕೊಡುತ್ತೀಯಾ ಎಂದ. ಎದುರಿಗೇ ನಿಂತು ನೋಡಬಹುದಲ್ಲ ಎಂದು ಒಪ್ಪಿದಳು.

ಅವನು ಮೆಟ್ಟಿಲಿಳಿದದ್ದೇ ತಡ, ಮುಕ್ಕಾಲು ಪಾಲು ವೋಡ್ಕಾ ಬಗ್ಗಿಸಿ ತೆಗೆದು ನಲ್ಲಿನೀರು ಹಾಕಿದಳು. ಹೆಪ್ಪುಗಟ್ಟಿ ಉಬ್ಬಿದಾಗ ಗಾಜು ಒಡೆಯದಿರಲೆಂದು ಕತ್ತಿನವರೆಗೆ ತುಂಬಿಸದೆ ಫ್ರೀಜರಿಗಿಟ್ಟಳು. ಸೇಡಿನಲ್ಲೂ ಅಚ್ಚುಕಟ್ಟು ಬೇಕು.

ಭಾನುವಾರ ಬಾಟಲಿಗೆ ಬಿಳಿ ಬಟ್ಟೆ ಸುತ್ತಿ ಅವಳೇ ತಂದುಕೊಟ್ಟಳು. ಯಜಮಾನಿ ಸೋಫಾದ ತುದಿಯಲ್ಲಿ ಕೂತಿದ್ದಳು. ಶೇಕರ್ ಗ್ಲಾಸನ್ನು ಎಡಗೈಯಲ್ಲಿ ಕೆಳಗೆ ಹಿಡಿದು, ಬಲಗೈಯ ಬಾಟಲಿಯನ್ನು ಎತ್ತರಕ್ಕೊಯ್ದು ಬಗ್ಗಿಸಿದ. ಏನೂ ಬೀಳಲಿಲ್ಲ. ಅಲ್ಲಾಡಿಸಿದ. ಐಸಿನ ಚೂರೊಂದು ಟಣ್ಣೆಂದು ಗ್ಲಾಸಿಗೆ ಬಿತ್ತು.

ಯಜಮಾನಿ ಚೂರನ್ನೇ ನೋಡುತ್ತ ಮೆಲ್ಲಗೆ ಅಂದಳು: "ವೋಡ್ಕಾ ಗಟ್ಟಿಯಾಗಲ್ಲ. ನೀರು ಆಗತ್ತೆ. ನಮ್ಮ ಗಿರಾಕಿಗಳಿಗೂ ಇದನ್ನೇ ಕುಡಿಸೋನಾ ನೀನು?"

ಅವನು ಬಾಟಲಿ ನೋಡಿದ. ಆಮೇಲೆ ಅದನ್ನು ತಂದುಕೊಟ್ಟವಳನ್ನು ನೋಡಿದ. ಆ ನೋಟದಲ್ಲಿ ಎಲ್ಲವೂ ಗೊತ್ತಾಗಿತ್ತು, ಆದರೆ ಸಿಟ್ಟಿರಲಿಲ್ಲ. ಬಾಟಲಿ ನನ್ನದು ಮೇಡಂ, ತಪ್ಪೂ ನನ್ನದೇ ಎಂದ. ಯಜಮಾನಿ ಪೈ ಮುಟ್ಟದೆ ಎದ್ದು ಹೋದಳು.

ಸೇಡು ಎಷ್ಟು ರುಚಿಯಾಗಿರುತ್ತದೆ ಎಂದು ಅವಳು ಅಂದುಕೊಂಡಿದ್ದಳೋ, ಬಾಯಿಗೆ ಅಷ್ಟೇ ಕಹಿಯಾಯಿತು. ನೇರ ಅವನೆದುರು ಹೋಗಿ ನಿಂತಳು. ಇಷ್ಟು ದಿನದ ಬಹುವಚನ ಎಲ್ಲೋ ಉದುರಿಹೋಗಿತ್ತು.

"ಯಾಕೆ ಹೇಳಲಿಲ್ಲ ನೀನು?"

"ಆಯಮ್ಮ ನಿನ್ನ ಪೈ ತಿನ್ನೋಕೂ ಬಂದಿದ್ರು. ಅವರ ಬೇಕರಿಗೂ ಜನ ಬೇಕಿತ್ತು. ನಿನ್ನ ಮದುವೆ ಆರ್ಡರ್ ಹಾಳು ಮಾಡಿದ್ದು ನಾನಲ್ವಾ? ಇನ್ನೊಂದ್ಸಲ ಹಾಳು ಮಾಡೋದು ಬೇಡ ಅನ್ನಿಸ್ತು."

"ನನ್ನ ವೆನಿಲ್ಲಾ ಹಾಳು ಮಾಡಿದೆ. ಈಗ ನನ್ನ ಸೇಡನ್ನೂ ಕಿತ್ಕೊಂಡೆ."

ಏಪ್ರನ್ ಬಿಚ್ಚುವ ಗೋಜಿಗೂ ಹೋಗದೆ ಮೆಟ್ಟಿಲಿಳಿದು ಓಡಿದಳು. ಕಾರಿನ್ನೂ ಹೊರಟಿರಲಿಲ್ಲ. ನೀರು ಬೆರೆಸಿದವಳು ತಾನು, ಬೇಕೆಂದೇ ಬೆರೆಸಿದ್ದು, ಅವನಿಗೆ ತಿಳಿದೇ ಇರಲಿಲ್ಲ ಎಂದು ಕಿಟಕಿಗೆ ಬಗ್ಗಿ ಒಂದೇ ಉಸಿರಿಗೆ ಹೇಳಿದಳು. ಯಜಮಾನಿ ಅವಳನ್ನು ಹಿಟ್ಟು ಮೆತ್ತಿದ ಕೆನ್ನೆಯಿಂದ ಚಪ್ಪಲಿಯಿಲ್ಲದ ಕಾಲಿನವರೆಗೆ ಅಳೆದಳು.

"ಅವನು ನಾಳೆಯಿಂದ ಬರಲಿ. ನಿನ್ನ ಪೈ ಚೆನ್ನಾಗೇ ಇರಬಹುದು ಮಗಳೇ. ಆದ್ರೆ ನಿನ್ನ ಕೈಯಿಂದ ತಿನ್ನೋ ಧೈರ್ಯ ನಂಗಿಲ್ಲ."

ಕಾರು ಹೋಯಿತು. ಶೇಕರ್ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಲೆಕ್ಕ ಸಮ ಆಯ್ತಾ?"

"ಇಲ್ಲ. ಇನ್ನೂ ಉರೀತಿದೆ."

"ಎಷ್ಟು ದಿನ ಉರಿಯತ್ತೆ?"

"ನೀನು ಬದುಕಿರೋವರೆಗೂ."

ಅವನ ಒಂದು ಹುಬ್ಬು ಮೇಲೇರಿತು. "ಹಾಗಾದ್ರೆ ಬೈಸ್ಕೊಳ್ಳೋಕೆ ದಿನಾ ಅಷ್ಟು ದೂರದಿಂದ ಬರೋದು ನಂಗೂ ಕಷ್ಟ. ಒಂದೇ ಮನೇಲಿದ್ರೆ ಇಬ್ಬರಿಗೂ ಅನುಕೂಲ."

ಒಂದು ದಿನವೂ ಸುಖವಾಗಿರಲು ಬಿಡುವುದಿಲ್ಲ ಎಂದು ಅವಳು ಅವನ ಕಾಲರ್ ಹಿಡಿದಳು. ಬಿಡಬೇಡ ಎಂದ ಅವನು.

ಹೊಡೆದಾಟವೇನೋ ಎಂದು ಮೇಲಿನಿಂದ ಅಣ್ಣ ಕೂಗಿ ಕೇಳಿದ. ಉತ್ತರ ಕೊಡುವಷ್ಟು ಬಿಡುವು ಇಬ್ಬರ ತುಟಿಗೂ ಇರಲಿಲ್ಲ.