ಹನ್ನೆರಡು ಶೀಟಿನ ತಂಪು

ಮೇ ಇಪ್ಪತ್ತೆರಡು, ಬೆಳಿಗ್ಗೆ ಹತ್ತೂಕಾಲು. ಕೊರ್ಲಿಮ್‌ನ ಸೈಟ್ ಎಂಜಿನಿಯರ್ ನೇತ್ರಾ ಠಾಣೆಗೆ ದೂರು ತಂದಳು. ಹೊಸ ವಾಣಿಜ್ಯ ಕಟ್ಟಡದ ತಾರಸಿಯಲ್ಲಿ, ಟೈಲ್ಸ್ ಕೆಳಗೆ ಹಾಸಬೇಕಾದ ಶಾಖ ತಡೆಯುವ ಶೀಟುಗಳಲ್ಲಿ ಹನ್ನೆರಡು ಕಾಣೆಯಾಗಿದ್ದವು. ಕಟ್ಟಡಗಳ ಇಂಧನ ಉಳಿತಾಯ ಸಂಹಿತೆಯ ತಪಾಸಣೆಗೆ ಬಂದವರ ಶಾಖ ತೋರಿಸುವ ಕ್ಯಾಮೆರಾದಲ್ಲಿ ಒಂದು ಮೂಲೆ ಕೆಂಪಗೆ ಕಂಡಿತ್ತು. ಎಲ್ಲ ಕಡೆ ಹಾಸಿದೆ ಎಂದು ಸಹಿ ಹಾಕಿದವಳು ನೇತ್ರಾ.

"ನಾನ ಮಾರ್ಕೊಂಡೀನಿ ಅಂತಾರ್ರಿ ಸರ್. ನಾಳೆ ಕೆಲಸದಿಂದ ತೆಗೀತಾರ."

ಪಿಎಸ್‌ಐ ದಾನಪ್ಪ ಎಫ್‌ಐಆರ್ ದಾಖಲಿಸಿದರು. ಹೆಂಡತಿ ಮುರುಗೆವ್ವ ಶಿವನ ಪಾದ ಸೇರಿದ ಮೇಲೆ ಅವರಿಗೆ ಠಾಣೆಯೇ ಮನೆಯಾಗಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಪಂಚರ ಎದುರು ಆ ಮೂಲೆಯ ಒಂದು ಟೈಲ್ ಒಡೆಸಿದರು. ಶೀಟಿನ ಜಾಗದಲ್ಲಿ ಅಷ್ಟೇ ದಪ್ಪ ಗಾರೆ ತುಂಬಿತ್ತು. ಮೇಲೆ ಕೂದಲೆಳೆಯಷ್ಟೂ ಏರುತಗ್ಗಿಲ್ಲ. ದಾನಪ್ಪನವರ ತಂದೆ ಬಾಯ್ನಾದಲ್ಲಿ ಗಾರೆ ಕೆಲಸದ ಗೌಂಡಿಯಾಗಿದ್ದವರು. ಶೀಟು ತೆಗೆದವನೇ ಟೈಲ್ಸ್ ಕೂರಿಸಿದ್ದಾನೆ ಎಂಬುದು ಅವರಿಗೆ ಹೊಳೆಯಿತು.

"ಈ ಮೂಲಿ ಟೈಲ್ಸು ಯಾರ ಕೈಯಿಂದು?" ಪಕ್ಕದಲ್ಲಿದ್ದ ನೇತ್ರಾಳನ್ನು ಕೇಳಿದರು.

"ಮಲಿಕಸಾಬ ಚಾಚಾರದ್ರಿ. ಆದ್ರ ಅವರು ಒಂದು ಮೊಳಿ ಸೈತ ಮುಟ್ಟಾವ್ರಲ್ರಿ."

ಮೂರು ಗಂಟೆಗೆ ಮಲಿಕಸಾಬನ ತಗಡಿನ ಖೋಲಿ. ಹೊರಗೆ ಸುಡುವ ಗೋಡೆಗೆ ಒರಗಿ ಮುದುಕ ಚಾಪೆಯ ಮೇಲೆ ಕೂತಿದ್ದ. ಒಳಹೊಕ್ಕ ಕಾನ್‌ಸ್ಟೆಬಲ್ ಅಲ್ತಾಫ ನಕ್ಕ. "ಸರ್, ಹೊರಗ ಬಾಣಲಿ, ಒಳಗ ಫ್ರಿಜ್ಜು!" ಮಾಡಿನ ತಗಡಿನ ಅಡಿ ಹನ್ನೆರಡು ಶೀಟುಗಳಿದ್ದವು. ಅವುಗಳ ಕೆಳಗೆ, ನೆಲದ ಮೇಲೆ, ಯಾರೂ ಮಲಗಿದ ಸುಕ್ಕಿಲ್ಲದ ಒಂದು ಹಾಸಿಗೆ. ಅಲ್ತಾಫನ ನಗು ನಿಂತಿತು.

"ಯಾರು ತಂದ್ರು?" ದಾನಪ್ಪ ಮುದುಕನನ್ನು ಕೇಳಿದರು.

"ನಾನ ತಂದೇನ್ರಿ ಸಾಹೇಬ್ರ."

"ಯಾಕ?"

"ನನ್ನ ಹೇಣ್ತಿ ಖಾತುನ ಹಾಸಗಿ ಹಿಡಿದಿದ್ಲು. ತಗಡು ಕಾಯ್ದು ಬೆಂಕಿ ಆಗತಿತ್ತು. ಆ ಮೂಲಿ ಕೆಳಗ ಬರೇ ಮೆಟ್ಟಲ ಅದಾವ. ಮೆಟ್ಟಲ ಮ್ಯಾಲ ಯಾರು ಮಲಗ್ತಾರ ಅಂದ್ಕೊಂಡೆ."

"ಸಂಹಿತೆ ಇಡೀ ತಾರಸಿ ಕೇಳತೈತಿ ಚಾಚಾ. ಸಹಿ ಹಾಕಿದ ನೇತ್ರಾನ ಕೆಲಸ ಹೋಗಾಕತ್ತೈತಿ."

ಮುದುಕ ಗೋಡೆ ಹಿಡಿದು ಎದ್ದ. "ಆ ಕೂಸಿನ ಮ್ಯಾಲ ಬಂತೇನ್ರಿ? ಯಾ ಅಲ್ಲಾ! ಬರಕೋರಿ, ಎಲ್ಲಾ ನನ್ನ ಹೆಸರಿಗೆ ಬರಕೋರಿ."

ಹೇಳಿಕೆ ಬರೆದು, ಹೆಬ್ಬೆಟ್ಟು ಒತ್ತಿಸಿ, ನಾಲ್ಕೂ ಹತ್ತಕ್ಕೆ ಬಂಧನ ದಾಖಲಿಸಿದರು. ನೇತ್ರಾಳಿಗೆ ಫೋನಿನಲ್ಲಿ ತಿಳಿಸಿದರು.

ಶೀಟು ಬಿಚ್ಚಿ ಜಪ್ತಿ ಮಾಡಲು ಅಲ್ತಾಫ ಸ್ಟೂಲ್ ಹತ್ತಿದ.

"ತಮ್ಮಾ, ಮೊದಲ ಹಾಸಗಿ ಮ್ಯಾಲ ಚಾದರ ಎಳಿ. ಧೂಳ ಬೀಳತೈತಿ," ಮುದುಕ ಬಾಗಿಲಿಂದ ಹೇಳಿದ.

"ಖಾತುನ ಎಲ್ಲಿ ಅದಾರ?" ದಾನಪ್ಪ ಕೇಳಿದರು.

"ಹೋಗಿ ಹತ್ತೊಂಬತ್ತ ದಿನಾ ಆತ್ರಿ. ಶೀಟ ಹಾಕಿದ ಮ್ಯಾಲ ನಾಕ ದಿನಾ ಚಲೋ ನಿದ್ದಿ ಮಾಡಿದ್ಲು."

"ಮತ್ತ ನೀವ್ಯಾಕ ಈ ಬಿಸಲಾಗ ಹೊರಗ ಕುಂತೀರಿ?"

"ಆಕೀಗಂತ ತಂದ ತಂಪ್ರಿ ಅದು. ನಾ ಒಬ್ಬಾಂವ ಹೆಂಗ ಒಳಗ ಮಲಗ್ಲಿ?"

ದಾನಪ್ಪ ತಾವೇ ಚಾದರ ಎಳೆದು, ನಾಲ್ಕೂ ಮೂಲೆ ಸರಿಮಾಡಿದರು. ಆಮೇಲೆ ಪಂಚನಾಮೆ ಬರೆಯಲು ಕೂತರು.